ಮಕ್ಕಳ ಬಿಡುವಿನ ವೇಳೆಗೆ ಕತೆ ಮತ್ತು ಹಾಡುಗಳನ್ನು ನೀಡಿದ ಪಂಜೆ ಮಂಗೇಶರಾಯರು (1874–1937)

ಪೀಠಿಕೆ

ಶಾಲಾ ಅವಧಿಯ ನಂತರ ಹಾಗೂ ರಜಾ ದಿನಗಳಲ್ಲಿ ಮಕ್ಕಳ ಓದು, ಆಟ ಮತ್ತು ಕಲಿಕೆಗೆ ಅನುಕೂಲವಾಗುವಂತೆ ರೂಪಿಸಲಾದ ಸೌಲಭ್ಯಗಳ ಬಗ್ಗೆ ಮಾಹಿತಿ ಕೋರಿ ಬರುವ ಪೋಷಕರು ಸಾಮಾನ್ಯವಾಗಿ ಒಂದು ಪ್ರಶ್ನೆಯನ್ನು ಕೇಳುತ್ತಾರೆ. ಶಾಲೆಯಲ್ಲಿ ಪಾಠ ನಡೆಯುತ್ತಿರುವಾಗ, ಮನೆಯಲ್ಲಿ ಮನೆಕೆಲಸದ ಪುಸ್ತಕವಿರುವಾಗ, ಮಗುವನ್ನು ಮತ್ತೊಂದು ಕಡೆಗೆ ಕಳುಹಿಸಿ ಕತೆ ಪುಸ್ತಕ ಓದಿಸುವುದರಿಂದ ಏನು ಪ್ರಯೋಜನ ಎಂಬುದೇ ಆ ಪ್ರಶ್ನೆ. ಇದಕ್ಕೆ ನಿಯಮಾವಳಿಗಳ ಮೂಲಕ ಉತ್ತರಿಸುವುದಕ್ಕಿಂತ ಒಬ್ಬ ಹಿರಿಯರ ಬದುಕಿನ ಮೂಲಕ ಉತ್ತರಿಸುವುದು ಸೂಕ್ತವೆಂದು ಭಾವಿಸಿ ಈ ಪುಟವನ್ನು ಸಿದ್ಧಪಡಿಸಲಾಗಿದೆ.

ಆ ಹಿರಿಯರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು. ಕನ್ನಡ ಸಣ್ಣಕತೆಯ ಆರಂಭಕಾಲದ ಲೇಖಕರಲ್ಲಿ ಪ್ರಮುಖರೂ, ಕನ್ನಡ ಶಿಶುಸಾಹಿತ್ಯಕ್ಕೆ ಭದ್ರ ಬುನಾದಿ ಹಾಕಿದವರೂ ಆದ ಅವರು ಜೀವನಪೂರ್ತಿ ಶಿಕ್ಷಣ ಇಲಾಖೆಯ ನೌಕರರಾಗಿದ್ದರು ಎಂಬುದು ಗಮನಾರ್ಹ.

ಜನನ ಮತ್ತು ಬಾಲ್ಯ

ಪಂಜೆ ಮಂಗೇಶರಾಯರು 1874ನೇ ಇಸವಿಯ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದರು. ಅವರ ಪೂರ್ವಿಕರು ಸುಳ್ಯ ಸೀಮೆಯ ಪಂಜ ಎಂಬ ಗ್ರಾಮದಿಂದ ಬಂದವರಾದ್ದರಿಂದ ಮನೆತನಕ್ಕೆ ಪಂಜೆ ಎಂಬ ಹೆಸರು ಉಳಿದುಬಂದಿತು. ಆಗ ಈ ಪ್ರದೇಶವು ಮದರಾಸು ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಭಾಗವು ಕೇರಳಕ್ಕೆ ಸೇರಿತು.

ಬಂಟ್ವಾಳವು ನೇತ್ರಾವತಿ ನದಿಯ ದಡದಲ್ಲಿರುವ ಹಳೆಯ ವ್ಯಾಪಾರ ಕೇಂದ್ರ. ಘಟ್ಟದ ಬುಡದ ಚಾರ್ಮಾಡಿ, ಮುಂಡಾಜೆಗಳ ಕಡೆಯಿಂದ ಹರಿದುಬರುವ ಮೃತ್ಯುಂಜಯಾ ಹೊಳೆಯು ನೇತ್ರಾವತಿಯನ್ನು ಸೇರಿ ಇದೇ ಬಂಟ್ವಾಳದ ಮುಂದೆ ಹಾದುಹೋಗುತ್ತದೆ. ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮತ್ತು ಕನ್ನಡ ಭಾಷೆಗಳು ಒಟ್ಟಿಗೆ ಬಳಕೆಯಲ್ಲಿದ್ದವು. ಪಂಜೆಯವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಮೂರು ಭಾಷೆಗಳ ನಡುವೆ ಬೆಳೆದ ಈ ಬಾಲಕನೇ ಮುಂದೆ ಕನ್ನಡದ ಮಕ್ಕಳಿಗೆ ಅತ್ಯಂತ ಸರಳವಾದ ಕನ್ನಡವನ್ನು ಬರೆದುಕೊಟ್ಟನೆಂಬುದು ಈ ಜಿಲ್ಲೆಯ ಪೋಷಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯಾಗಿರುತ್ತದೆ. ಮನೆಯಲ್ಲಿ ಬೇರೆ ಭಾಷೆ ಇರುವುದು ಮಗುವಿನ ಕಲಿಕೆಗೆ ಅಡ್ಡಿಯಲ್ಲ, ಅದೊಂದು ಸಂಪತ್ತು ಎಂಬುದಕ್ಕೆ ಇದು ಸಾಕ್ಷಿ.

ಪಂಜೆಯವರು ಪ್ರಾರಂಭಿಕ ಶಿಕ್ಷಣವನ್ನು ಬಂಟ್ವಾಳದಲ್ಲಿ ಮುಗಿಸಿ, ಮುಂದಿನ ವಿದ್ಯಾಭ್ಯಾಸಕ್ಕಾಗಿ ಮಂಗಳೂರಿಗೆ ತೆರಳಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯವರು ತೀರಿಕೊಂಡುದರಿಂದ ಸಂಸಾರದ ಹೊಣೆ ಅವರ ಮೇಲೆ ಬಿದ್ದಿತು. ಬಡತನದ ನಡುವೆಯೂ ಅವರು ಓದನ್ನು ಬಿಡಲಿಲ್ಲ.

ಸೇವೆಗೆ ಸೇರ್ಪಡೆ

ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಪಂಜೆಯವರು ತಮ್ಮ ವೃತ್ತಿಜೀವನವನ್ನು ಆರಂಭಿಸಿದರು. ನೌಕರಿಯಲ್ಲಿದ್ದುಕೊಂಡೇ ಪದವಿ ಪಡೆದು, ಮದರಾಸಿನ ಸೈದಾಪೇಟೆಯ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅಧ್ಯಾಪನ ತರಬೇತಿಯನ್ನೂ ಪೂರೈಸಿದರು. ಕನ್ನಡದ ವಿದ್ವಾಂಸರಾದ ಬೆನಗಲ್ ರಾಮರಾಯರ ಸಹೋದರಿಯನ್ನು ಅವರು ವಿವಾಹವಾಗಿದ್ದರು. ರಾಮರಾಯರು 1900ರಲ್ಲಿ ಮಂಗಳೂರಿನಿಂದ ಹೊರಡಿಸಿದ ಸುವಾಸಿನಿ ಎಂಬ ಮಾಸಪತ್ರಿಕೆಯಲ್ಲಿ ಪಂಜೆಯವರ ಆರಂಭದ ಕತೆಗಳು ಪ್ರಕಟಗೊಂಡವು. ಕನ್ನಡದಲ್ಲಿ ಸಣ್ಣಕತೆಯೆಂಬ ಪ್ರಕಾರವೇ ಇನ್ನೂ ಕಣ್ಣುಬಿಡುತ್ತಿದ್ದ ಕಾಲವದು. ಕವಿಶಿಷ್ಯ ಎಂಬ ಕಾವ್ಯನಾಮದಿಂದ ಅವರು ಕವಿತೆಗಳನ್ನು ಬರೆದರು. ಪಂಡಿತರಾಗಿದ್ದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡುದು ಅವರ ವಿನಯವನ್ನು ತೋರಿಸುತ್ತದೆ.

ಶಾಲಾ ತನಿಖಾಧಿಕಾರಿಯಾಗಿ

ತದನಂತರ ಪಂಜೆಯವರು ಶಾಲಾ ತನಿಖಾಧಿಕಾರಿಗಳಾಗಿ ನೇಮಕಗೊಂಡರು. ಆ ಕಾಲದಲ್ಲಿ ತನಿಖಾಧಿಕಾರಿಯ ಭೇಟಿ ಎಂದರೆ ಸಾಮಾನ್ಯ ವಿಷಯವಾಗಿರಲಿಲ್ಲ. ಖಾಸಗಿ ಅನುದಾನಿತ ಶಾಲೆಗಳಿಗೆ ದೊರೆಯುವ ಸಹಾಯಧನವು ಅಧಿಕಾರಿಯ ವರದಿಯನ್ನು ಅವಲಂಬಿಸಿರುತ್ತಿತ್ತು. ಆದುದರಿಂದ ಅಧಿಕಾರಿ ಬರುವ ಸುದ್ದಿ ಕೇಳಿದರೆ ಅಧ್ಯಾಪಕರು ಹೆದರುತ್ತಿದ್ದರು, ಅಧ್ಯಾಪಕರನ್ನು ನೋಡಿ ಮಕ್ಕಳು ಹೆದರುತ್ತಿದ್ದರು. ಪಾಠವನ್ನು ಬಾಯಿಪಾಠ ಮಾಡಿಸುವುದು, ತಪ್ಪಿದಲ್ಲಿ ಬೆತ್ತ ಬೀಸುವುದು ಅಂದಿನ ರೂಢಿಯಾಗಿತ್ತು.

ಪಂಜೆಯವರು ಈ ಹುದ್ದೆಯಲ್ಲಿದ್ದುಕೊಂಡು ಮಕ್ಕಳಿಗೆ ಹತ್ತಿರವಾದುದು ಹಾಡು ಮತ್ತು ಕತೆಗಳ ಮೂಲಕ. ಕತೆಯನ್ನು ಅಭಿನಯಿಸಿ ಹೇಳುವುದರಲ್ಲಿ, ಹಾಡನ್ನು ತಾಳಕ್ಕೆ ತಕ್ಕಂತೆ ಹಾಡಿ ಮಕ್ಕಳಿಂದ ಹಾಡಿಸುವುದರಲ್ಲಿ ಅವರು ಹೆಸರಾಗಿದ್ದರು. ಹಳ್ಳಿಯ ಶಾಲೆಗಳನ್ನು ಹತ್ತಿರದಿಂದ ಕಂಡುದರಿಂದ ಅವರಿಗೆ ಒಂದು ಕೊರತೆ ಸ್ಪಷ್ಟವಾಯಿತು. ಅಕ್ಷರ ಕಲಿತ ಮಗುವಿಗೆ ಪಠ್ಯಪುಸ್ತಕವನ್ನು ಬಿಟ್ಟರೆ ಓದಲು ಬೇರೇನೂ ಇರಲಿಲ್ಲ. ದೊಡ್ಡವರಿಗಾಗಿ ಬರೆದ ಪುರಾಣ ಕಾವ್ಯಗಳು ಮಗುವಿಗೆ ಕಠಿಣ, ಪಠ್ಯಪುಸ್ತಕವಾದರೋ ಪರೀಕ್ಷೆಯ ಭಯಕ್ಕೆ ಅಂಟಿಕೊಂಡದ್ದು. ಶಾಲೆ ಬಿಟ್ಟ ನಂತರ ಮಗುವು ಸಂತೋಷಕ್ಕಾಗಿ ಓದಬಹುದಾದ ಪುಸ್ತಕ ಇಲ್ಲದಿದ್ದರೆ ಕಲಿತ ಅಕ್ಷರವೂ ಮರೆತುಹೋಗುತ್ತದೆ ಎಂಬುದು ಅಂದಿಗೂ ಇಂದಿಗೂ ಸತ್ಯವಾದ ಮಾತು.

ಬಾಲಸಾಹಿತ್ಯ ಮಂಡಲ

ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಪಂಜೆಯವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಮಕ್ಕಳಿಗಾಗಿ ಬರೆಯಬಲ್ಲ ಲೇಖಕರನ್ನು ಒಂದುಗೂಡಿಸಿ, ಮಕ್ಕಳು ಓದಿ ಹಾಡಬಲ್ಲ ಪುಸ್ತಕಗಳನ್ನು ಹೊರತರುವುದು ಇದರ ಕಾರ್ಯವಾಗಿತ್ತು. ಶಾಲಾ ವ್ಯವಸ್ಥೆಯ ಒಳಗಿನ ಅಧಿಕಾರಿಯೊಬ್ಬರು, ಶಾಲೆಯ ಹೊರಗಿನ ಮಗುವಿನ ವೇಳೆಯ ಬಗ್ಗೆಯೂ ಯೋಚಿಸಿ ಕೈಗೊಂಡ ಕಾರ್ಯವೆಂಬ ದೃಷ್ಟಿಯಿಂದ ಇದು ಮಹತ್ವವುಳ್ಳದ್ದಾಗಿದೆ.

ಇದರ ಜೊತೆಗೆ, 20ನೆಯ ಶತಮಾನದ ಎರಡನೆಯ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಮೂಲಕ ಅವರು ಶಾಲಾ ಮಕ್ಕಳಿಗಾಗಿ ಪದ್ಯ ಪುಸ್ತಕಗಳನ್ನು ಸಿದ್ಧಪಡಿಸಿದರು. ಬಾಸೆಲ್ ಮಿಷನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಮುದ್ರಣಾಲಯವನ್ನು ತೆರೆದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಪ್ರಕಟಿಸಿದ್ದರು. ಆ ಮುದ್ರಣಾಲಯದಿಂದಲೇ ಹೊರಬಂದ ಈ ಪುಸ್ತಕಗಳಲ್ಲಿನ ಪದ್ಯಗಳು ಅನೇಕ ತಲೆಮಾರುಗಳ ನಾಲಗೆಯ ಮೇಲೆ ಉಳಿದವು. ಹಾವನ್ನು ಕುರಿತು, ತೆಂಕಣ ಗಾಳಿಯನ್ನು ಕುರಿತು ಪಂಜೆಯವರು ಬರೆದ ಪದ್ಯಗಳನ್ನು ಬಾಯಿಪಾಠವಾಗಿ ಹೇಳಬಲ್ಲ ಹಿರಿಯರು ಇಂದಿಗೂ ಪ್ರತಿ ಊರಿನಲ್ಲಿ ಸಿಗುತ್ತಾರೆ.

ಮಕ್ಕಳ ಕತೆಗಳ ವೈಶಿಷ್ಟ್ಯ

ಪಂಜೆಯವರ ಮಕ್ಕಳ ಕತೆಗಳಲ್ಲಿ ಸಿಗಡಿ ಯಾಕೆ ಒಣಗಲಿಲ್ಲ, ಹೇನು ಸತ್ತು ಕಾಗೆ ಬಡವಾಯಿತು, ಒಡ್ಡನ ಓಟ, ಗುಡುಗುಡು ಗುಮ್ಮಟ ದೇವರು, ಮೆಣಸಿನ ಕಾಳಪ್ಪ, ಮೂರು ಕರಡಿಗಳು ಮುಂತಾದವು ಪ್ರಸಿದ್ಧವಾಗಿವೆ. ಇವುಗಳ ವೈಶಿಷ್ಟ್ಯವನ್ನು ಈ ಕೆಳಗಿನಂತೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಕತೆಯ ವಸ್ತು ಮಗುವಿನ ಕಣ್ಣ ಮುಂದಿನದು. ಕರಾವಳಿಯ ಮಗುವಿಗೆ ಸಿಗಡಿಯನ್ನು ಬಿಸಿಲಿಗೆ ಒಣಗಿಸುವುದು ಅಂಗಳದ ನಿತ್ಯದ ದೃಶ್ಯ. ಅದು ಒಣಗದೆ ಉಳಿದರೆ ಕಾರಣವೇನೆಂಬ ಸಣ್ಣ ಪ್ರಶ್ನೆಯಿಂದಲೇ ಕತೆ ಪ್ರಾರಂಭವಾಗುತ್ತದೆ.

ಎರಡನೆಯದಾಗಿ, ಇಂತಹ ಸರಪಣಿ ಕತೆಗಳಲ್ಲಿ ಒಂದು ಉತ್ತರವು ಮತ್ತೊಂದು ಪ್ರಶ್ನೆಗೆ ದಾರಿಮಾಡುತ್ತದೆ. ಒಬ್ಬರು ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುತ್ತ ಹೋಗುವಾಗ ಮಗುವು ನಗುತ್ತದೆ. ನಗುತ್ತಲೇ ಕಾರ್ಯಕ್ಕೂ ಕಾರಣಕ್ಕೂ ಇರುವ ಸಂಬಂಧವನ್ನು, ಹೇಳಿದ್ದನ್ನು ಕ್ರಮವಾಗಿ ನೆನಪಿಟ್ಟುಕೊಳ್ಳುವುದನ್ನು ಕಲಿಯುತ್ತದೆ. ಕಲಿಯುತ್ತಿದ್ದೇನೆಂಬ ಅರಿವು ಮಾತ್ರ ಅದಕ್ಕಿರುವುದಿಲ್ಲ.

ಮೂರನೆಯದಾಗಿ, ಪಂಜೆಯವರು ಹೊರಗಿನ ಕತೆಗಳನ್ನೂ ನಮ್ಮ ಮಣ್ಣಿಗೆ ಒಗ್ಗಿಸಿದರು. ಮೂರು ಕರಡಿಗಳ ಕತೆಯಾಗಲಿ, ಇಲಿಗಳ ಕಾಟದಿಂದ ಊರನ್ನು ಬಿಡಿಸಿದ ಕೊಳಲಿನವನ ಕತೆಯಾಗಲಿ ಯೂರೋಪಿನಿಂದ ಬಂದವು. ಆದರೆ ಅವರ ಕೈಯಲ್ಲಿ ಅವು ಇಲ್ಲಿಯ ಅಜ್ಜಿಯೇ ಹೇಳಿದ ಕತೆಗಳಂತೆ ಆದವು.

ನಾಲ್ಕನೆಯದಾಗಿ, ಈ ನೆಲದ ಕತೆಯನ್ನು ಅವರು ಕನ್ನಡಕ್ಕೆ ತಂದರು. ತುಳುನಾಡಿನ ಅವಳಿ ವೀರರಾದ ಕೋಟಿ ಮತ್ತು ಚೆನ್ನಯರ ಕತೆಯು ತುಳು ಪಾಡ್ದನಗಳಲ್ಲಿ ಗದ್ದೆಯಲ್ಲಿಯೂ ಗರಡಿಯಲ್ಲಿಯೂ ಹಾಡಲ್ಪಡುತ್ತಿತ್ತು. ಅದನ್ನು ಆಧರಿಸಿ ಪಂಜೆಯವರು ಕೋಟಿ ಚೆನ್ನಯ ಎಂಬ ಕೃತಿಯನ್ನು ಕನ್ನಡದಲ್ಲಿ ಬರೆದರು. ಮನೆಯ ಹಿರಿಯರ ಬಾಯಲ್ಲಿ ಕೇಳಿದ ಕತೆಯನ್ನೇ ಪುಸ್ತಕದಲ್ಲಿ ಓದಲು ದೊರೆತಾಗ, ಪುಸ್ತಕವು ಪರಕೀಯ ವಸ್ತುವಲ್ಲವೆಂಬ ವಿಶ್ವಾಸ ಮಗುವಿನಲ್ಲಿ ಮೂಡುತ್ತದೆ.

ಕೊಡಗಿನಲ್ಲಿ ಸೇವೆ

ಪಂಜೆಯವರು ಮುಂದೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. ಆಗ ಕೊಡಗು ಪ್ರತ್ಯೇಕ ಆಡಳಿತಕ್ಕೆ ಒಳಪಟ್ಟ ಪ್ರಾಂತವಾಗಿತ್ತು. ಹೊರಗಿನಿಂದ ಬಂದ ಅಧಿಕಾರಿಯಾಗಿಯೇ ಉಳಿಯದೆ ಅವರು ಆ ನಾಡಿನ ಬೆಟ್ಟ, ಹೊಳೆ, ಹಬ್ಬ ಮತ್ತು ಜನರನ್ನು ಪ್ರೀತಿಸಿದರು. ಕೊಡಗಿನ ಸುಗ್ಗಿಯ ಹಬ್ಬವಾದ ಹುತ್ತರಿಯನ್ನು ಕುರಿತು ಅವರು ರಚಿಸಿದ ಹುತ್ತರಿ ಹಾಡು ಕೊಡಗಿನ ಜನರಿಗೆ ತಮ್ಮದೇ ನಾಡಗೀತೆಯಂತೆ ಪ್ರಿಯವಾಯಿತು. ತಾನು ಕೆಲಸ ಮಾಡುವ ಊರಿನ ಹಾಡನ್ನು ಆ ಊರಿನ ಮಕ್ಕಳಿಗೆ ಬರೆದುಕೊಡುವುದು ಯಾವುದೇ ಸೇವಾ ನಿಯಮದಲ್ಲಿ ವಿಧಿಸಲ್ಪಟ್ಟ ಕರ್ತವ್ಯವಲ್ಲ. ಆದರೆ ಅವರ ಅಧಿಕೃತ ವರದಿಗಳನ್ನು ಇಂದು ಯಾರೂ ಓದುವುದಿಲ್ಲ, ಹಾಡನ್ನು ಮಾತ್ರ ಜನರು ಈಗಲೂ ಹಾಡುತ್ತಾರೆ.

ಗೌರವ ಮತ್ತು ನಿಧನ

1934ರಲ್ಲಿ ರಾಯಚೂರಿನಲ್ಲಿ ನಡೆದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾಗಿ ಆಯ್ಕೆಯಾದರು. ಆಗ ರಾಯಚೂರು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ಒಂದು ತುದಿಯ ಮಕ್ಕಳ ಕವಿಯನ್ನು ಮತ್ತೊಂದು ತುದಿಯ ಜನರು ಕರೆದು ಗೌರವಿಸಿದ ಸಂದರ್ಭವಿದು. ಮಕ್ಕಳಿಗಾಗಿ ಬರೆಯುವುದು ಹಗುರವಾದ ಕೆಲಸವಲ್ಲವೆಂಬುದಕ್ಕೆ ಈ ಗೌರವದಿಂದ ಮನ್ನಣೆ ದೊರೆತಂತಾಯಿತು.

1937ರ ಅಕ್ಟೋಬರ್ ತಿಂಗಳಿನಲ್ಲಿ ಪಂಜೆಯವರು ಹೈದರಾಬಾದಿನಲ್ಲಿ ನಿಧನರಾದರು. ಅವರಿಗೆ ಆಗ 63 ವರ್ಷ ವಯಸ್ಸಾಗಿತ್ತು.

ಪಂಜೆಯವರ ನಂತರ

ಪಂಜೆಯವರು ತೋರಿಸಿದ ದಾರಿಯಲ್ಲಿ ಈ ಜಿಲ್ಲೆಯಲ್ಲಿ ಕೆಲಸ ಮುಂದುವರಿಯಿತು. 1902ರಲ್ಲಿ ಕೋಟದಲ್ಲಿ ಜನಿಸಿದ ಡಾ. ಕೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿ, ಪರ್ಲಡ್ಕದ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಆಟ, ನಾಟಕ, ನೃತ್ಯ ಮತ್ತು ಪ್ರಕೃತಿಯ ಮೂಲಕ ಮಗುವು ತಾನಾಗಿ ಕಲಿಯಬೇಕೆಂಬುದು ಅವರ ನಿಲುವಾಗಿತ್ತು. ಬಾಲಪ್ರಪಂಚ ಎಂಬ ಮಕ್ಕಳ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಅವರು ಒಬ್ಬರೇ ಬರೆದರು. 1977ರಲ್ಲಿ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಕಾರಂತರು 1997ರಲ್ಲಿ ನಿಧನರಾದರು. ಬಾಲವನವನ್ನು ಅವರ ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.

ವೇಳೆಯ ಲೆಕ್ಕಾಚಾರ

ಮೇಲ್ಕಂಡ ಜೀವನ ಚರಿತ್ರೆಯು ಇಂದಿನ ಪೋಷಕರಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ವಿವರಿಸಬಹುದು. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳು, ಆರರಿಂದ ಎಂಟನೆಯ ತರಗತಿಯವರೆಗೆ ಕನಿಷ್ಠ 220 ಕೆಲಸದ ದಿನಗಳು ಮತ್ತು 1,000 ಬೋಧನಾ ಗಂಟೆಗಳು ಇರತಕ್ಕದ್ದು.

ಒಂದು ವರ್ಷಕ್ಕೆ 365 ದಿನಗಳಂತೆ 8,760 ಗಂಟೆಗಳು. ಮಗುವು ದಿನಕ್ಕೆ 9 ಗಂಟೆ ನಿದ್ರಿಸುತ್ತದೆಂದು ಇಟ್ಟುಕೊಂಡರೆ 3,285 ಗಂಟೆಗಳು ಕಳೆದು 5,475 ಗಂಟೆಗಳು ಉಳಿಯುತ್ತವೆ. ಅದರಲ್ಲಿ ಮೇಲಿನ 1,000 ಬೋಧನಾ ಗಂಟೆಗಳನ್ನು ಕಳೆದರೂ 4,475 ಗಂಟೆಗಳು ಬಾಕಿ. ಶಾಲೆಗೆ ಹೋಗಿಬರುವ ಸಮಯ, ಊಟ, ಸ್ನಾನ, ಮನೆಕೆಲಸಗಳಿಗೆ ಧಾರಾಳವಾಗಿ ಅರ್ಧವನ್ನು ಬಿಟ್ಟುಕೊಟ್ಟರೂ 2,200ಕ್ಕೂ ಹೆಚ್ಚು ಗಂಟೆಗಳು ಮಗುವಿನ ಕೈಯಲ್ಲಿ ಉಳಿಯುತ್ತವೆ. ಅಂದರೆ ಪಾಠಕ್ಕೆ ದೊರೆಯುವ ಕನಿಷ್ಠ ವೇಳೆಯ ಎರಡು ಪಟ್ಟಿಗಿಂತ ಅಧಿಕ. ಈ ಬಾಕಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಂಜೆಯವರು ನೂರು ವರ್ಷಗಳಷ್ಟು ಹಿಂದೆಯೇ ತೆಗೆದುಕೊಂಡಿದ್ದರು.

ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಟ್ಟದ ಕಡೆಗೆ ಸಾಗುವ ರಸ್ತೆಯಲ್ಲಿರುವ ಮುಂಡಾಜೆಯಂತಹ ಗ್ರಾಮವನ್ನು ತೆಗೆದುಕೊಂಡರೆ, ಮನೆಗಳು ಅಡಿಕೆ ತೋಟಗಳ ನಡುವೆ ದೂರದೂರದಲ್ಲಿವೆ. ಸಂಜೆ ಶಾಲೆ ಬಿಟ್ಟ ಮಗು ಮನೆಗೆ ಬಂದಾಗ ತಂದೆತಾಯಿ ಕೆಲಸದಿಂದ ಹಿಂದಿರುಗಿರುವುದಿಲ್ಲ. ಹಿಂದೆ ಇಂತಹ ವೇಳೆಯಲ್ಲಿ ಕತೆ ಹೇಳುತ್ತಿದ್ದ ಅಜ್ಜಿಯರು ಎಲ್ಲ ಮನೆಗಳಲ್ಲೂ ಈಗ ಇಲ್ಲ. ನೆರೆಯ ಮಕ್ಕಳೊಡನೆ ಸೇರಿ ಆಡಲು ತೋಟಗಳನ್ನು ದಾಟಿ ಹೋಗಬೇಕು. ಮಗುವಿನ ಕೈಗೆ ಮೊಬೈಲ್ ದೊರೆಯುವುದು ಈ ಶೂನ್ಯ ವೇಳೆಯಲ್ಲಿಯೇ. ಮಗುವನ್ನು ಗದರಿಸಿ ಮೊಬೈಲನ್ನು ಕಿತ್ತುಕೊಂಡರೆ ಶೂನ್ಯವು ಹಾಗೆಯೇ ಉಳಿಯುತ್ತದೆ. ಆ ಜಾಗದಲ್ಲಿ ಬೇರೊಂದನ್ನು ಇಡಬೇಕಾಗುತ್ತದೆ.

ಪ್ರಸ್ತುತ ಲಭ್ಯವಿರುವ ಸೌಲಭ್ಯ

ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ ಗ್ರಂಥಾಲಯ ವ್ಯವಸ್ಥೆಯು ರೂಪುಗೊಂಡಿತು. ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ವರ್ಗಾಯಿಸಲಾಯಿತು. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ, ಮಕ್ಕಳ ಓದು ನಿಂತುಹೋಗಬಾರದೆಂಬ ಉದ್ದೇಶದಿಂದ ಓದುವ ಬೆಳಕು ಎಂಬ ಕಾರ್ಯಕ್ರಮವನ್ನು ಆರಂಭಿಸಿ, 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡುವ ವ್ಯವಸ್ಥೆ ಮಾಡಲಾಯಿತು. ಈ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತಿವೆ.

ಪೋಷಕರ ಗಮನಕ್ಕೆ

1. ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರನ್ನು ಖುದ್ದಾಗಿ ಭೇಟಿ ಮಾಡಿ ಮಗುವಿನ ಹೆಸರನ್ನು ನೋಂದಾಯಿಸಿಕೊಳ್ಳುವುದು. ತೆರೆದಿರುವ ವೇಳೆ ಮತ್ತು ವಾರದ ರಜಾ ದಿನವನ್ನು ಆಗಲೇ ಕೇಳಿ ತಿಳಿದುಕೊಳ್ಳುವುದು.

2. ಮೊದಲ ಕೆಲವು ಭೇಟಿಗಳಿಗೆ ಮಗುವಿನ ಜೊತೆಯಲ್ಲಿ ಮನೆಯ ಹಿರಿಯರೊಬ್ಬರು ಹೋಗುವುದು ಉತ್ತಮ. ಹೋಗಿಬರುವ ದಾರಿಯ ಸುರಕ್ಷತೆಯನ್ನು, ವಿಶೇಷವಾಗಿ ಮಳೆಗಾಲದಲ್ಲಿ ಹಳ್ಳ ಮತ್ತು ಕಾಲುಸಂಕಗಳನ್ನು ದಾಟಬೇಕಾದ ಕಡೆಗಳಲ್ಲಿ, ಪೋಷಕರು ಖಚಿತಪಡಿಸಿಕೊಳ್ಳತಕ್ಕದ್ದು. ನೆರೆಹೊರೆಯ ಮಕ್ಕಳು ಒಟ್ಟಾಗಿ ಹೋಗುವ ಏರ್ಪಾಡು ಅನುಕೂಲಕರ.

3. ಪುಸ್ತಕವನ್ನು ಮಗುವೇ ಆಯ್ಕೆ ಮಾಡಲಿ. ಪಠ್ಯಕ್ಕೆ ಸಂಬಂಧಿಸಿದ್ದನ್ನೇ ಓದಬೇಕೆಂದು ಒತ್ತಾಯಿಸುವುದು ಬೇಡ.

4. ಓದಿದ ಕತೆಯನ್ನು ಮನೆಯಲ್ಲಿ ಹೇಳಿಸುವುದು. ತುಳುವಿನಲ್ಲಾಗಲಿ, ಕೊಂಕಣಿಯಲ್ಲಾಗಲಿ, ಬ್ಯಾರಿಯಲ್ಲಾಗಲಿ ಹೇಳಿದರೂ ಅಡ್ಡಿಯಿಲ್ಲ.

5. ಓದಲು ಬಾರದ ಪೋಷಕರು ಹಿಂಜರಿಯಬೇಕಾಗಿಲ್ಲ. ಮಗುವು ಓದಿ ಹೇಳುವುದನ್ನು ಕುಳಿತು ಕೇಳುವವರಿದ್ದರೆ ಮಗುವಿನ ಓದು ತಾನಾಗಿ ಮುಂದುವರಿಯುತ್ತದೆ.

6. ಕೇಂದ್ರದಲ್ಲಿ ಮಕ್ಕಳ ಪುಸ್ತಕಗಳ ಕೊರತೆ ಇದ್ದಲ್ಲಿ ಗ್ರಾಮಸಭೆಯಲ್ಲಿ ಆ ವಿಷಯವನ್ನು ಪ್ರಸ್ತಾಪಿಸಬಹುದು. ಮನೆಯಲ್ಲಿ ಓದಿ ಮುಗಿದ ಮಕ್ಕಳ ಪುಸ್ತಕಗಳನ್ನು ದಾನವಾಗಿ ನೀಡಲು ಇಚ್ಛಿಸುವವರು ಮೇಲ್ವಿಚಾರಕರನ್ನು ಸಂಪರ್ಕಿಸಬಹುದು.

ಮುಕ್ತಾಯ

ಬಂಟ್ವಾಳದ ಬಡ ಕುಟುಂಬದಲ್ಲಿ ತಂದೆಯನ್ನು ಕಳೆದುಕೊಂಡು ಬೆಳೆದ ಬಾಲಕನೊಬ್ಬನು ಮುಂದೆ ಅಧಿಕಾರಿಯಾಗಿ, ತನಗೆ ವಹಿಸಿದ ತನಿಖೆಯ ಕೆಲಸವನ್ನಷ್ಟೇ ಮುಗಿಸಿ ಮನೆಗೆ ಹೋಗಬಹುದಾಗಿತ್ತು. ಆತನು ಹಾಗೆ ಮಾಡದೆ, ಶಾಲೆಯ ಗಂಟೆ ಬಾರಿಸಿದ ನಂತರ ಮಗುವು ಏನು ಮಾಡುತ್ತದೆ ಎಂದು ಯೋಚಿಸಿದುದರಿಂದ ಕನ್ನಡದ ಮಕ್ಕಳಿಗೆ ಒಂದು ಸಾಹಿತ್ಯವೇ ದೊರೆಯಿತು. ಅದೇ ಪ್ರಶ್ನೆಯನ್ನು ಪ್ರತಿಯೊಬ್ಬ ಪೋಷಕರೂ ತಮ್ಮ ಮನೆಯಲ್ಲಿ ಕೇಳಿಕೊಂಡಲ್ಲಿ ಈ ಪುಟದ ಉದ್ದೇಶ ಈಡೇರಿದಂತಾಗುತ್ತದೆ.

ಸಾರ್ವಜನಿಕರು ತಮ್ಮ ಮಕ್ಕಳ ಹೆಸರನ್ನು ನೋಂದಾಯಿಸಿ ಈ ಸೌಲಭ್ಯದ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.